ಗಾಜಿನ ತೊಟ್ಟಿಯಲ್ಲಿ ಕಡಲು: ಒಂದು ವಿವೇಚನೆ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅಧಿಷ್ಠಾನವನ್ನು ಸುತ್ತಿ ಬರುವವರು ಆನೆ, ಸಿಂಹ, ಅಶ್ವಾರೋಹಿಗಳ ಪಟ್ಟಿಕೆಗಳೊಡನೆ ಮಕರಗಳ ಸಾಲೊಂದನ್ನೂ ಕಾಣುತ್ತಾರೆ. ಅಲೆಯ ಸದ್ದು ಕೇಳದ ಒಳನಾಡಿನಲ್ಲಿ ಶಿಲ್ಪಿಗಳು ಜಲಚರವೊಂದನ್ನು ಬಳಪದ ಕಲ್ಲಿನಲ್ಲಿ ಮೂಡಿಸಿ ಎಂಟುನೂರಕ್ಕೂ ಹೆಚ್ಚು ವರ್ಷಗಳು ಸಂದಿವೆ. ಆ ಮಕರಗಳಿಗೆ ಮೇವು ಬೇಡ, ಉಪ್ಪುನೀರು ಬೇಡ, ರಜಾದಿನಗಳಲ್ಲಿ ಕಾವಲು ಬೇಡ. ಆದರೆ ಈಗ ನಗರಗಳ ಮನೆಗಳಲ್ಲಿಯೂ ಕೆಲವು ವಿದ್ಯಾಸಂಸ್ಥೆಗಳಲ್ಲಿಯೂ ಬೇರೊಂದು ಬಗೆಯ ಆಸೆ ಹುಟ್ಟಿಕೊಂಡಿದೆ. ಹತ್ತಿಪ್ಪತ್ತು ಲೀಟರು ಹಿಡಿಸುವ ಪುಟ್ಟ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಹವಳದ ದಿಬ್ಬದ ಒಂದು ತುಣುಕನ್ನು ಅದರ ಬಣ್ಣಬಣ್ಣದ ಮೀನುಗಳೊಡನೆ ಜೀವಂತವಾಗಿ ಸಾಕುವ ಆಸೆ ಅದು. ಇಂಥ ತೊಟ್ಟಿಗಳಿಗೆ 'ನ್ಯಾನೋ' ಎಂದೂ, ಇನ್ನೂ ಕಿರಿದಾದವಕ್ಕೆ 'ಪಿಕೋ' ಎಂದೂ ವ್ಯಾಪಾರದ ಹೆಸರುಗಳಿವೆ. ಬೇಲೂರು ತಾಲ್ಲೂಕಿನ ಅರೇಹಳ್ಳಿಯಂತಹ ಮಲೆನಾಡಿನ ಊರಿನ ಶಾಲೆಗೆ ಹಳೆಯ ವಿದ್ಯಾರ್ಥಿಯೊಬ್ಬರು ಅಂತಹುದೊಂದನ್ನು ದಾನವಾಗಿ ಕೊಡಬಯಸಿದರೆ ಅಧ್ಯಾಪಕವರ್ಗ ಸಂತೋಷದಿಂದ ಒಪ್ಪಿಕೊಳ್ಳುವುದು ಸಹಜವೇ. ಚಿಕ್ಕ ತೊಟ್ಟಿ, ಚಿಕ್ಕ ಖರ್ಚು, ಚಿಕ್ಕ ಕೆಲಸ ಎಂಬ ಭಾವನೆ ಆ ಒಪ್ಪಿಗೆಯ ಹಿಂದಿರುತ್ತದೆ. ಈ ಭಾವನೆಯೇ ತಪ್ಪು. ಕಡಲಿನ ವಿಷಯದಲ್ಲಿ ಪಾತ್ರೆ ಕಿರಿದಾದಷ್ಟೂ ಕಾರ್ಯ ಕಠಿಣವಾಗುತ್ತದೆ.

ಮೊದಲಿಗೆ ಹವಳವೆಂದರೇನು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸಂಸ್ಕೃತದ ಪ್ರವಾಳವು ಪವಳವಾಗಿ, ಪಕಾರವು ಹಕಾರವಾಗುವ ಕನ್ನಡದ ಕ್ರಮದಂತೆ ಹವಳವಾಯಿತು. ತಮಿಳಿನಲ್ಲಿ ಇಂದಿಗೂ ಅದು ಪವಳವೇ. ನವರತ್ನಗಳಲ್ಲಿ ಒಂದಾದ ಕೆಂಪು ಹವಳ ಬಹುಕಾಲದಿಂದ ಮೆಡಿಟರೇನಿಯನ್ ಸಮುದ್ರದಿಂದ ಬಂದ ವಸ್ತು. ಅದು ಮಂದ ಬೆಳಕಿನ ಬಂಡೆಗಳ ಸಂದಿಯಲ್ಲಿ ಬೆಳೆಯುವಂಥದು, ದಿಬ್ಬ ಕಟ್ಟುವಂಥದಲ್ಲ. ದಿಬ್ಬ ಕಟ್ಟುವ ಹವಳಗಳು ಬೇರೆ. ಜನರು 'ಹವಳದ ಹುಳು' ಎನ್ನುವ ಜೀವಿ ವಾಸ್ತವವಾಗಿ ಹುಳುವಲ್ಲ. ಬಾಯಿಯ ಸುತ್ತ ಎಸಳಿನಂಥ ಕರಬಳ್ಳಿಗಳುಳ್ಳ, ಚೀಲದಂಥ ಪುಟ್ಟ ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ನೆಲೆಸಿ, ಬೆಳಕಿನಿಂದ ಆಹಾರವನ್ನು ತಯಾರಿಸಿ, ಅದರ ಬಹುಭಾಗವನ್ನು ಆಶ್ರಯದಾತನಿಗೇ ಒಪ್ಪಿಸುತ್ತವೆ. ಪ್ರಾಣಿಯು ನೀರಿನಲ್ಲಿ ಕರಗಿದ ಸುಣ್ಣದ ಅಂಶವನ್ನು ಹೀರಿ ತನ್ನ ಅಡಿಯಲ್ಲಿ ಕಲ್ಲನ್ನು ಕಟ್ಟುತ್ತದೆ. ನೀರಿನ ತಾಪವು ರೂಢಿಯ ಬೇಸಗೆಯ ಮಿತಿಯನ್ನು ಒಂದೆರಡು ಡಿಗ್ರಿ ಮೀರಿ ಕೆಲವು ವಾರ ನಿಂತರೆ ಪಾಚಿಗಳು ಹೊರಬೀಳುತ್ತವೆ, ಹವಳ ಬಿಳಿಚುತ್ತದೆ, ಆ ಸ್ಥಿತಿ ಮುಂದುವರಿದರೆ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆಯೇ ಅಪಾರವಾಗಿ ನಾಶವಾದವು. ಅಷ್ಟು ದೊಡ್ಡ ಸಾಗರವೇ ಕಾಪಾಡಲಾರದೆ ಹೋದ ಜೀವವನ್ನು ಇಪ್ಪತ್ತು ಲೀಟರು ನೀರಿಗೆ ಒಪ್ಪಿಸುವುದು ಎಂಥ ಹೊಣೆಯೆಂಬುದನ್ನು ಇದರಿಂದ ಊಹಿಸಬಹುದು.

ಕರ್ನಾಟಕಕ್ಕೆ ಮುನ್ನೂರು ಕಿಲೋಮೀಟರಿನಷ್ಟು ಉದ್ದದ ಕರಾವಳಿಯಿದ್ದರೂ ದಡದ ಬಳಿ ಹವಳದ ದಿಬ್ಬಗಳು ಇಲ್ಲವೆನ್ನುವಷ್ಟು ವಿರಳ. ಇದಕ್ಕೆ ಕಾರಣವನ್ನು ಘಟ್ಟದ ಮೇಲಿನ ಮಳೆಯಲ್ಲಿ ಹುಡುಕಬೇಕು. ಕಾಳಿ, ಶರಾವತಿ, ನೇತ್ರಾವತಿ ಮೊದಲಾದ ನದಿಗಳು ಮುಂಗಾರಿನಲ್ಲಿ ಕೆಂಪು ಮಣ್ಣನ್ನೂ ಸಿಹಿನೀರನ್ನೂ ಕಡಲಿಗೆ ಸುರಿಯುತ್ತವೆ. ನೀರು ಕದಡಿ ಬೆಳಕು ಕುಗ್ಗುತ್ತದೆ, ಉಪ್ಪಿನ ಪ್ರಮಾಣ ಇಳಿಯುತ್ತದೆ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ಒಳಗೆ, ತಿಳಿನೀರಿನ ನಡುವೆ ಇರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಇನ್ನೂ ದೂರ ಸಾಗಿದರೆ ಲಕ್ಷದ್ವೀಪ ಸಮೂಹ ಸಿಗುತ್ತದೆ. ಆ ಸಮೂಹದ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರ ದ್ವೀಪಗಳು 1956ರ ನವೆಂಬರಿನವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಮಂಗಳೂರಿನಿಂದ ಆಳಲ್ಪಡುತ್ತಿದ್ದುವು ಎಂಬುದು ಇಂದು ಅನೇಕರಿಗೆ ಮರೆತುಹೋಗಿದೆ. ಹವಳವೇ ನೆಲವಾಗಿರುವ ನಾಡೊಂದು ಒಮ್ಮೆ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಇರಲಿ, ಪ್ರಕೃತಕ್ಕೆ ಬೇಕಾದ ಮಾತು ಇಷ್ಟೆ: ಒಂದು ಮಳೆಗಾಲದ ಏರುಪೇರನ್ನೇ ತಾಳಲಾರದೆ ಹವಳವು ದಡವನ್ನು ಬಿಟ್ಟು ದೂರ ಸರಿದಿದೆ. ಸ್ಥಿರತೆಯೇ ಅದರ ಜೀವಾಳ.

ಕಡಲಿನಿಂದ ದೂರದ ಊರಿನಲ್ಲಿ ಹವಳವನ್ನು ಸಾಕಿದ ಪ್ರಯೋಗಗಳು ಹೊಸತೇನಲ್ಲ. 1846ರಲ್ಲಿ ಆನ್ನಾ ಥಿನ್ ಎಂಬ ಆಂಗ್ಲ ಮಹಿಳೆ ಟಾರ್ಕೀ ಎಂಬ ಕಡಲತಡಿಯ ಊರಿನಿಂದ ಕಲ್ಲುಹವಳದ ಜೀವಿಗಳನ್ನು ಲಂಡನ್ನಿಗೆ ತಂದಳು. ಪಂಪುಗಳಿಲ್ಲದ ಆ ಕಾಲದಲ್ಲಿ ನೀರಿಗೆ ಗಾಳಿ ಬೆರೆಸಲು ತೆರೆದ ಕಿಟಕಿಯ ಮುಂದೆ ನಿಂತು ಪಾತ್ರೆಯಿಂದ ಪಾತ್ರೆಗೆ ನೀರನ್ನು ಎತ್ತಿ ಹೊಯ್ಯಿಸುತ್ತಿದ್ದಳು. ಹೊಯ್ಯುವ ಆ ಕೆಲಸ ದಿನವೂ ಅರ್ಧ ಗಂಟೆಗೂ ಮೇಲ್ಪಟ್ಟು ಮನೆಯ ಕೆಲಸದಾಕೆಯ ಪಾಲಿಗೆ ಬಂದಿತು. ಮುಂದೆ ಕಡಲ ಪಾಚಿಯನ್ನೂ ಜೊತೆಗಿಟ್ಟು, ಸುಮಾರು ಮೂರು ವರ್ಷ ಆ ಜೀವಿಗಳನ್ನು ಉಳಿಸಿಕೊಂಡಳು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯ ಸಾರ್ವಜನಿಕ ಮತ್ಸ್ಯಾಲಯವನ್ನು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸನ ಗ್ರಂಥ 'ಅಕ್ವೇರಿಯಂ' ಎಂಬ ಮಾತನ್ನು ಮನೆಮಾತಾಗಿಸಿತು. ಇತಿಹಾಸಕಾರರು ಗಾಸನನ್ನು ಹೊಗಳುವುದು ನ್ಯಾಯವೇ; ಆದರೆ ಹೆಸರು ತಿಳಿಯದ ಆ ಕೆಲಸದಾಕೆಯ ತೋಳುಗಳಿಗೂ ಒಂದಿಷ್ಟು ಪಾಲು ಸಲ್ಲಬೇಕು. ಇಂದಿನ ತೊಟ್ಟಿಗಳಲ್ಲಿ ಆಕೆಯ ಕೆಲಸವನ್ನು ವಿದ್ಯುತ್ತು ಮಾಡುತ್ತದೆ. ವಿದ್ಯುತ್ತು ನಿಂತರೆ ಮಾಡುವವರು ಯಾರು ಎಂಬ ಪ್ರಶ್ನೆ ಮುಂದೆ ಬರುತ್ತದೆ.

ಕಿರಿದು ಏಕೆ ಕಠಿಣವೆಂಬುದಕ್ಕೆ ಪ್ರೌಢಶಾಲೆಯ ಗಣಿತವೇ ಸಾಕು. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿವೆ. 20 ಲೀಟರಿನ ತೊಟ್ಟಿಯಲ್ಲಿ ಒಟ್ಟು 700 ಗ್ರಾಂ. ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಒಂದು ಲೀಟರು ಆರಿದಾಗ ಅದೇ 700 ಗ್ರಾಂ 19 ಲೀಟರಿನಲ್ಲಿ ಉಳಿದು, ಲೀಟರಿಗೆ 36.8 ಗ್ರಾಮಿಗೇರುತ್ತದೆ. ಎರಡು ಲೀಟರು ಆರಿದರೆ 38.9. ಇದೇ ಒಂದು ಲೀಟರು 400 ಲೀಟರಿನ ತೊಟ್ಟಿಯಿಂದ ಆರಿದರೆ ಏರಿಕೆ 0.1 ಗ್ರಾಮಿಗೂ ಕಡಮೆ; ಅಲ್ಲಿನ ಜೀವಿಗಳಿಗೆ ಅದು ಗೊತ್ತೂ ಆಗುವುದಿಲ್ಲ. ಆರಿದ ನೀರಿನ ಬದಲಿಗೆ ಉಪ್ಪುನೀರನ್ನೇ ಸುರಿಯುವುದು ಹೊಸಬರಲ್ಲಿ ಬಹು ಸಾಮಾನ್ಯವಾದ ತಪ್ಪು. ಹೋದದ್ದು ಬರಿಯ ನೀರಾದುದರಿಂದ ತುಂಬಬೇಕಾದದ್ದೂ ಬರಿಯ ನೀರೇ. ಗಾಜಿನ ಮೇಲೆ ಗೆರೆಯೊಂದನ್ನೆಳೆದು ದಿನವೂ ಆ ಗೆರೆಯವರೆಗೆ ಶುದ್ಧವಾದ ಸಿಹಿನೀರನ್ನು ತುಂಬಬೇಕು. ಮಲೆನಾಡಿನಲ್ಲಿ ಇದಕ್ಕೊಂದು ವಿಶೇಷವುಂಟು: ಆಷಾಢ ಶ್ರಾವಣಗಳ ತೇವದ ಗಾಳಿಯಲ್ಲಿ ನೀರು ಆರುವುದೇ ಇಲ್ಲವೆನ್ನಬಹುದು, ಮಾಘ ಫಾಲ್ಗುಣಗಳ ಒಣಗಾಳಿಯಲ್ಲಿ ದಿನದಿನಕ್ಕೂ ಗೆರೆ ಇಳಿಯುತ್ತದೆ. ಆದಕಾರಣ ವಾರಕ್ಕೆ ಇಷ್ಟೆಂದು ಅಳತೆ ಕಟ್ಟಿ ಸುರಿಯಲಾಗದು, ಕಣ್ಣಿಟ್ಟೇ ನೋಡಬೇಕು. ಉಪ್ಪಿನ ಪ್ರಮಾಣವನ್ನಳೆಯುವ ಹೈಡ್ರೋಮೀಟರ್ ಹಾಲಿನ ಡೇರಿಯ ಲ್ಯಾಕ್ಟೋಮೀಟರಿನ ದಾಯಾದಿಯೇ ಆದುದರಿಂದ ಈ ಸೀಮೆಯ ಮಕ್ಕಳಿಗೆ ಅದನ್ನು ವಿವರಿಸುವುದು ಕಷ್ಟವಲ್ಲ. 25 ಡಿಗ್ರಿ ತಾಪದಲ್ಲಿ ಅದು 1.025ರ ಹತ್ತಿರ ನಿಲ್ಲಬೇಕು.

ಉಷ್ಣದ ಲೆಕ್ಕವೂ ಹೀಗೆಯೇ. ಬೆಳಕು, ಪಂಪುಗಳಿಂದ 50 ವಾಟಿನಷ್ಟು ಶಾಖ ನೀರಿಗಿಳಿದು, ಹೊರಗಿನ ಗಾಳಿಗೆ ಸ್ವಲ್ಪವೂ ಹೋಗುವುದಿಲ್ಲವೆಂದು ಭಾವಿಸಿದರೆ, 20 ಲೀಟರು ನೀರು ಒಂದು ಡಿಗ್ರಿ ಏರಲು 28 ನಿಮಿಷ ಸಾಕು. 400 ಲೀಟರಿಗೆ ಒಂಬತ್ತು ಗಂಟೆಗೂ ಹೆಚ್ಚು ಬೇಕು. ತಣಿಯುವುದೂ ಅಷ್ಟೇ ಬೇಗ. ಹವಳದ ದಿಬ್ಬದ ಜೀವಿಗಳಿಗೆ 24ರಿಂದ 27 ಡಿಗ್ರಿಯ ತಾಪ ಹಿತವಾದದ್ದು. ಅರೇಹಳ್ಳಿಯ ಸೀಮೆಯಲ್ಲಿ ಪುಷ್ಯಮಾಸದ ಇರುಳುಗಳಲ್ಲಿ ತಾಪವು 15 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ನೀರು ಕಾಯಿಸುವ ಸಣ್ಣ ಹೀಟರು ಅದನ್ನು ಸರಿದೂಗಿಸೀತು, ವಿದ್ಯುತ್ತಿದ್ದರೆ. ಮುಂಗಾರಿನ ಗಾಳಿಗೆ ತೋಟದ ಮರ ತಂತಿಯ ಮೇಲೊರಗಿ ಊರಿಗೆ ಊರೇ ಕತ್ತಲಾಗುವುದು ಇಲ್ಲಿನವರಿಗೆ ಹೇಳಬೇಕಾದ ಸುದ್ದಿಯಲ್ಲ. ಮೇಲಾಗಿ ಉಪ್ಪುನೀರು ಸಿಹಿನೀರಿಗಿಂತ ಐದರಲ್ಲೊಂದು ಪಾಲಿನಷ್ಟು ಕಡಮೆ ಆಮ್ಲಜನಕವನ್ನು ಹಿಡಿದಿಡುತ್ತದೆ. ಘಟ್ಟದ ಮೇಲಿನ ಕಡಮೆ ವಾಯುಭಾರದಲ್ಲಿ ಅದೂ ಮತ್ತಷ್ಟು ಕುಗ್ಗುತ್ತದೆ. ಪಂಪು ನಿಂತ ಕಿರುತೊಟ್ಟಿಯಲ್ಲಿ ಪ್ರಾಣಿಗಳಿಗೆ ಉಳಿಯುವ ಅವಧಿಯನ್ನು ದಿನಗಳಿಂದಲ್ಲ, ಗಂಟೆಗಳಿಂದ ಎಣಿಸಬೇಕಾಗುತ್ತದೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪೊಂದು ಸಿದ್ಧವಾಗಿರದ ಶಾಲೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ಮೂರನೆಯ ತೊಡಕು ಕಣ್ಣಿಗೆ ಕಾಣದು. ಪ್ರಾಣಿಗಳ ವಿಸರ್ಜನೆಯಿಂದಲೂ ಉಳಿದ ಮೇವು ಕೊಳೆಯುವುದರಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ವರ್ಗದ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟಾಗಿಯೂ, ಇನ್ನೊಂದು ವರ್ಗದವು ಅದನ್ನು ಅಷ್ಟಾಗಿ ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುತ್ತವೆ. ಈ ಅಗೋಚರ ಸಂಸಾರ ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತೊಟ್ಟಿ ಬಂದ ದಿನವೇ ಮೀನನ್ನೂ ಬಿಟ್ಟು ಉದ್ಘಾಟನೆ ನೆರವೇರಿಸುವ ಪದ್ಧತಿಯಿದೆ. ಅತಿಥಿಗಳ ಚಪ್ಪಾಳೆಗಾಗಿ ಮೀನು ಪ್ರಾಣ ತೆರುವ ಈ ಪದ್ಧತಿಯನ್ನು ಶಾಲೆಗಳಾದರೂ ಕೈಬಿಡಬೇಕು. ಇನ್ನೊಂದು ಸೂಕ್ಷ್ಮವನ್ನು ವಿಜ್ಞಾನದ ಅಧ್ಯಾಪಕರು ಗಮನಿಸಬೇಕು. ಕಡಲಿನ ನೀರು ಕ್ಷಾರಗುಣವುಳ್ಳದ್ದು, ಅದರ ಪಿ.ಎಚ್. 8.2ರ ಸುತ್ತಮುತ್ತ ಇರುತ್ತದೆ. ಅಮೋನಿಯದ ವಿಷರೂಪದ ಪಾಲು ಅಲ್ಲಿ, ಪಿ.ಎಚ್. 7 ಇರುವ ಸಿಹಿನೀರಿನಲ್ಲಿರುವುದಕ್ಕಿಂತ ಹತ್ತುಪಟ್ಟಿಗೂ ಹೆಚ್ಚು. ಕೆಂಪು ಗೋಲ್ಡ್ ಫಿಷ್ ಸಾಕಿದ ಅನುಭವದಿಂದ ಇಲ್ಲಿ ಧೈರ್ಯ ತಾಳಲಾಗದು. ದೊಡ್ಡ ತೊಟ್ಟಿಯಲ್ಲಿ ಬಸವನಹುಳುವೊಂದು ಕಲ್ಲಿನ ಮರೆಯಲ್ಲಿ ಸತ್ತರೆ ಯಾರಿಗೂ ತಿಳಿಯದೆ ಕರಗಿಹೋಗುತ್ತದೆ; ಹತ್ತು ಲೀಟರಿನಲ್ಲಿ ಅದೇ ಸಾವು ಬೆಳಗಾಗುವುದರೊಳಗೆ ಉಳಿದವರನ್ನೂ ಕರೆದೊಯ್ಯಬಲ್ಲುದು.

ಇನ್ನು ಉಪ್ಪನ್ನು ಎಲ್ಲಿಂದ ತರುವುದು? ಅಡುಗೆಯ ಉಪ್ಪಿನಿಂದ ಕಡಲಾಗದು ಎಂಬುದನ್ನು ಬಹುಮಂದಿ ಬಲ್ಲರು. ಆದರೆ ಗೋಕರ್ಣದ ಬಳಿಯ ಸಾಣಿಕಟ್ಟಾ ಗದ್ದೆಗಳ ಹರಳುಪ್ಪು ಕಡಲಿನಿಂದಲೇ ಬಂದದ್ದಲ್ಲವೆ, ಅದನ್ನು ಮರಳಿ ಕರಗಿಸಿದರೆ ಕಡಲೇ ಆಗಬೇಕಲ್ಲವೆ ಎಂಬ ಸಂದೇಹ ಬುದ್ಧಿವಂತ ವಿದ್ಯಾರ್ಥಿಗೆ ಬರಬಹುದು, ಬರಲೂ ಬೇಕು. ಉತ್ತರ ಸ್ವಾರಸ್ಯವಾಗಿದೆ. ಗದ್ದೆಯಲ್ಲಿ ಕಡಲ ನೀರು ಬಿಸಿಲಿಗೆ ಗಟ್ಟಿಯಾಗುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣದ ಅಂಶ, ಅನಂತರ ಜಿಪ್ಸಂ ತಳಕ್ಕಿಳಿಯುತ್ತವೆ; ಆಮೇಲೆ ಅಡುಗೆಯ ಉಪ್ಪು ಹರಳಾಗುತ್ತದೆ; ಮೆಗ್ನೀಸಿಯಂ, ಪೊಟಾಸಿಯಂಗಳ ಲವಣಗಳು ಕೊನೆಯ ಕಹಿನೀರಿನಲ್ಲಿಯೇ ಉಳಿದು ಹೊರಹೋಗುತ್ತವೆ. ಕೈಗೆ ಬಂದ ಹರಳು ಕಡಲಿನ ಒಂದು ಪಾಲೇ ಹೊರತು ಕಡಲಲ್ಲ. ಕಡಲಿನ ಒಂದು ಕಿಲೋಗ್ರಾಂ ನೀರಿನಲ್ಲಿ ಸುಮಾರು 1.28 ಗ್ರಾಂ ಮೆಗ್ನೀಸಿಯಮ್ಮೂ 0.4 ಗ್ರಾಂ ಕ್ಯಾಲ್ಸಿಯಮ್ಮೂ ಇವೆ. ಇವಿಲ್ಲದೆ ಹವಳಕ್ಕಾಗಲಿ ಚಿಪ್ಪುಜೀವಿಗಳಿಗಾಗಲಿ ಬದುಕಿಲ್ಲ. ಅದಕ್ಕಾಗಿಯೇ ಎಲ್ಲ ಲವಣಗಳನ್ನೂ ಹದವಾಗಿ ಬೆರೆಸಿದ ಮಿಶ್ರಣವನ್ನು ಕೊಳ್ಳಬೇಕಾಗುತ್ತದೆ. ಶಿರಾಡಿಯನ್ನೋ ಚಾರ್ಮಾಡಿಯನ್ನೋ ಇಳಿದು ಮಂಗಳೂರಿನಿಂದ ಕ್ಯಾನುಗಳಲ್ಲಿ ನೀರು ತರುವುದು ಅಗ್ಗವೆಂದು ತೋರಿದರೂ, ಮಳೆಗಾಲದಲ್ಲಿ ಅಳಿವೆಯ ಹತ್ತಿರ ತುಂಬಿದ್ದು ಅರ್ಧ ನೇತ್ರಾವತಿಯೇ ಆಗಿರುತ್ತದೆ. ಬಂದರಿನ ಬಳಿಯ ನೀರಿನಲ್ಲಿ ಎಣ್ಣೆಯ ಅಂಶವೂ ಇರುತ್ತದೆ.

ಕಾಫಿಯ ಸೀಮೆಗೇ ವಿಶಿಷ್ಟವಾದ ಅಪಾಯವೊಂದನ್ನು ಇಲ್ಲಿ ಹೇಳದೆ ಮುಂದುವರಿಯಲಾಗದು. ಮುಂಗಾರಿಗೆ ಮುನ್ನ ಕಾಫಿ ಗಿಡಗಳಿಗೂ ಮೆಣಸಿನ ಬಳ್ಳಿಗಳಿಗೂ ಮೈಲುತುತ್ತ ಮತ್ತು ಸುಣ್ಣದಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದು ರೂಢಿ. ಅದರಲ್ಲಿರುವ ತಾಮ್ರ ಶಿಲೀಂಧ್ರಗಳಿಗೆ ಮಾತ್ರವಲ್ಲದೆ ಸಿಗಡಿ, ಬಸವನಹುಳು, ಹವಳಗಳಂಥ ಬೆನ್ನೆಲುಬಿಲ್ಲದ ಕಡಲಜೀವಿಗಳಿಗೂ ಘೋರ ವಿಷ. ಶೇಕಡ ಒಂದರ ಬೋರ್ಡೋ ದ್ರಾವಣದ ಒಂದು ಟೀ ಚಮಚ, ಅಂದರೆ 5 ಮಿಲಿಲೀಟರು, ಬಕೆಟಿನ ತಳದಲ್ಲಿ ಉಳಿದಿದ್ದರೆ ಅದರಲ್ಲಿ 12 ಮಿಲಿಗ್ರಾಮಿಗೂ ಮೀರಿ ತಾಮ್ರವಿರುತ್ತದೆ. 20 ಲೀಟರಿಗೆ ಅದು ಸೇರಿದರೆ ಲೀಟರಿಗೆ ಅರ್ಧ ಮಿಲಿಗ್ರಾಮಿಗಿಂತ ಹೆಚ್ಚಾಯಿತು. ಎಲ್ಲವೂ ಒಮ್ಮೆಗೇ ಕರಗದಿದ್ದರೂ, ಸಿಗಡಿಗಳ ಪಾಲಿಗೆ ಅದರ ಅಲ್ಪಾಂಶವೇ ಮಾರಕ. ತೋಟದ ಮನೆಯಿಂದ ಉದಾರವಾಗಿ ತಂದುಕೊಟ್ಟ ಹಳೆಯ ಬಕೆಟು, ಕೊಳವೆ, ಡ್ರಮ್ಮುಗಳನ್ನು ಈ ಕಾರಣದಿಂದ ಮುಟ್ಟಕೂಡದು. ಗೊಬ್ಬರದ ರಂಜಕಾಂಶ ಸೇರಿದ ಬಾವಿನೀರು ಪಾಚಿಯನ್ನು ಹುಲುಸಾಗಿ ಬೆಳೆಸಿ ಕಲ್ಲನ್ನೆಲ್ಲ ಮುಸುಕುತ್ತದೆ, ಶೋಧಿಸಿದ ಆರ್.ಓ. ನೀರೇ ಇದಕ್ಕೆ ಪರಿಹಾರ. ಇದೇ ಬೋರ್ಡೋದ ಇನ್ನೊಂದು ಅಂಗವಾದ ಸುಣ್ಣ ಮಾತ್ರ ಇಲ್ಲಿ ಮಿತ್ರ. ಶುದ್ಧವಾದ ಸುಣ್ಣದ ತಿಳಿಯನ್ನು ರಾತ್ರಿಯ ಹೊತ್ತು ಹನಿಹನಿಯಾಗಿ ಬಿಟ್ಟು ಹವಳ ಬೆಳೆಸುವವರು ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲದಿಂದಲೂ ಇದ್ದಾರೆ. ಅವಸರದಿಂದ ಒಮ್ಮೆಗೇ ಸುರಿದರೆ ಪಿ.ಎಚ್. ಜಿಗಿದು ತೊಟ್ಟಿಯೇ ಹಾಳು.

ಇಷ್ಟೆಲ್ಲವನ್ನೂ ನಿಭಾಯಿಸಬಲ್ಲ ಶಾಲೆಯಿದೆಯೆಂದೇ ಇಟ್ಟುಕೊಳ್ಳೋಣ. ಆಗಲೂ ಜೀವಂತ ಕಲ್ಲುಹವಳವನ್ನು ಸಾಕುವುದು ಭಾರತದಲ್ಲಿ ಸಲ್ಲದು. 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳನ್ನೂ, ಕಡಲಕುದುರೆಗಳನ್ನೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ ಆನೆಗಳಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ. ಉಲ್ಲಂಘನೆಗೆ ಮೂರರಿಂದ ಏಳು ವರ್ಷಗಳ ಸೆರೆವಾಸವೂ ದಂಡವೂ ವಿಧಿಸಲ್ಪಡಬಹುದು. ಸಂತೆಯಲ್ಲಿ 'ಜೀವಂತ ಕಲ್ಲು' ಎಂದು ಮಾರುವ ವಸ್ತುವೂ ಬಹುಮಟ್ಟಿಗೆ ಹವಳದ ಅಸ್ಥಿಪಂಜರವೇ. 'ಇದು ವಿದೇಶದಲ್ಲಿ ಸಾಕಿ ಬೆಳೆಸಿದ್ದು' ಎಂಬ ಅಂಗಡಿಯವನ ಬಾಯಿಮಾತು ಪರವಾನಗಿಯಲ್ಲ. ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ವಿದೇಶೀ ಜೀವಿಗಳನ್ನು ಇಟ್ಟುಕೊಳ್ಳುವುದಕ್ಕೂ ನೋಂದಣಿ ಬೇಕೆಂದು 2022ರ ತಿದ್ದುಪಡಿ ವಿಧಿಸಿದೆ. ಅನೇಕ ಹಳೆಯ ಶಾಲೆಗಳ ಗಾಜಿನ ಬೀರುಗಳಲ್ಲಿ ಒಣಗಿದ ಹವಳದ ತುಂಡುಗಳೂ ಕಡಲಕುದುರೆಗಳೂ ಇರುವುದುಂಟು. ಅವುಗಳ ಬಗ್ಗೆ ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿಕೊಳ್ಳುವುದೂ, ಹೊಸದಾಗಿ ಅಂಥವನ್ನು ಕೊಳ್ಳದಿರುವುದೂ ವಿವೇಕ. ಮಕ್ಕಳಿಗೆ ನಿಸರ್ಗಪ್ರೇಮವನ್ನು ಕಲಿಸಲೆಂದು ಕಡಲಿನಿಂದ ಕದ್ದು ತಂದ ಜೀವವನ್ನು ತೋರಿಸುವುದು ವಿದ್ಯಾದಾನದ ರೀತಿಯಲ್ಲ.

ಹಾಗಾದರೆ ದಾನಿಗಳ ಆಸೆ ವ್ಯರ್ಥವೆ? ಹಾಗೇನಿಲ್ಲ. ಹವಳವಿಲ್ಲದೆಯೂ ಕಡಲಿನ ಪಾಠವನ್ನು ಹೇಳಬಹುದು. ವಿದೂಷಕನ ಹೆಸರನ್ನು ಹೊತ್ತ ಕ್ಲೌನ್ ಮೀನುಗಳನ್ನು ಮೊಟ್ಟೆಯಿಂದಲೇ ಬೆಳೆಸುವ ವಿಧಾನವನ್ನು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಕಾರವಾರದಲ್ಲಿಯೂ ಆ ಸಂಸ್ಥೆಯ ಕೇಂದ್ರವುಂಟು. ಅದೇ ಊರಿನಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವೂ ಇದೆ. ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲಿಯೇ ಹುಟ್ಟಿದ ಒಂದು ಜೋಡಿ ಮೀನು, ಸುಟ್ಟ ಮಣ್ಣಿನ ಕೃತಕ ಬಂಡೆ, ಒಂದಿಷ್ಟು ಕಡಲ ಪಾಚಿ ಇಷ್ಟಿದ್ದರೆ ಸಾಕು. ಆದರೆ ತೊಟ್ಟಿ 100 ಲೀಟರಿಗೆ ಕಡಮೆಯಿರಬಾರದು. ಹತ್ತು ಲೀಟರಿನ ಅಂದವಾದ ಪೆಟ್ಟಿಗೆಯನ್ನು ಕೊಡಹೊರಟ ದಾನಿಗೆ ಇದನ್ನು ವಿನಯದಿಂದಲೇ ತಿಳಿಸಬೇಕು: ಕಿರುತೊಟ್ಟಿ ಅನುಭವಿಗಳ ಕೈಗೆ ತಕ್ಕ ವಸ್ತು, ಆರಂಭಿಸುವವರದಲ್ಲ. ಬೆಲೆಯ ವ್ಯತ್ಯಾಸ ತೊಟ್ಟಿಯಲ್ಲಿ ಅಷ್ಟಾಗಿ ಇಲ್ಲ. ಮುಂದಿನ ಉಪ್ಪು, ವಿದ್ಯುತ್ತು, ಪರೀಕ್ಷಾದ್ರಾವಣಗಳ ಖರ್ಚು ವರ್ಷವರ್ಷವೂ ಬರುವಂಥದು. ಆದಕಾರಣ ಒಮ್ಮೆ ಕೊಟ್ಟು ಹೆಸರು ಕೆತ್ತಿಸುವ ದಾನಕ್ಕಿಂತ, ಆ ವಾರ್ಷಿಕ ಖರ್ಚಿಗೊಂದು ಇಡುಗಂಟನ್ನು ಕೂಡಿಸಿ ಕೊಡುವ ದಾನ ಇಲ್ಲಿ ಹೆಚ್ಚು ಉಪಯುಕ್ತ.

ಹೊಣೆಯ ಹಂಚಿಕೆ ಬರವಣಿಗೆಯಲ್ಲಿರಬೇಕು. ಬೆಳಗಿನ ಪ್ರಾರ್ಥನೆಗೆ ಮುನ್ನ ಒಬ್ಬ ವಿದ್ಯಾರ್ಥಿ ತಾಪವನ್ನೂ ನೀರಿನ ಗೆರೆಯನ್ನೂ ನೋಡಿ ಪುಸ್ತಕದಲ್ಲಿ ಬರೆಯಬೇಕು; ವಾರಕ್ಕೊಮ್ಮೆ ಅಧ್ಯಾಪಕರ ಸಮ್ಮುಖದಲ್ಲಿ ಅಮೋನಿಯದ ಪರೀಕ್ಷೆ ನಡೆಯಬೇಕು, ಹತ್ತರಲ್ಲೊಂದು ಪಾಲು ನೀರು ಬದಲಾಗಬೇಕು. ಮೇವನ್ನು ಒಬ್ಬರೇ ಹಾಕಬೇಕು. ಬಂದ ಅತಿಥಿಗಳೆಲ್ಲ ಚಿಟಿಕೆ ಚಿಟಿಕೆ ಹಾಕಿದರೆ ಅದು ಆತಿಥ್ಯವಾಗದು. ದಸರೆಯ ಮತ್ತು ಬೇಸಗೆಯ ರಜೆಗಳಲ್ಲಿ ಬೀಗದ ಕೈ ಯಾರ ಬಳಿಯಿರುತ್ತದೆ ಎಂಬುದು ತೊಟ್ಟಿಯನ್ನು ತರಿಸುವ ಮೊದಲೇ ನಿರ್ಧಾರವಾಗಬೇಕು. ಉತ್ತರ ಸಿಗದಿದ್ದರೆ ತರಿಸುವುದನ್ನು ಮುಂದಕ್ಕೆ ಹಾಕಬೇಕು. ಬದಲಿಸಿ ತೆಗೆದ ಹಳೆಯ ನೀರನ್ನು ಕಾಫಿ ಗಿಡದ ಬುಡಕ್ಕಾಗಲಿ ಶಾಲೆಯ ಹೂದೋಟಕ್ಕಾಗಲಿ ಸುರಿಯಬಾರದು. 100 ಲೀಟರಿನ ತೊಟ್ಟಿಯಿಂದ ವಾರವಾರ ಹೊರಬರುವ ಹತ್ತು ಲೀಟರಿನಲ್ಲಿ 350 ಗ್ರಾಂ ಉಪ್ಪಿರುತ್ತದೆ. ಅದು ಸೇರಬೇಕಾದದ್ದು ಬಚ್ಚಲಿನ ಚರಂಡಿಗೆ.